ಶನಿವಾರದ ಸ್ವಾಧ್ಯಾಯ: ಮಾಕಣಿ ಸೀಮೆಯ ಇತಿಹಾಸ ಮಕ್ಕಳ ವಹಿಯಲ್ಲಿ

ಕರ್ನಾಟಕದ ಶಾಲೆಗಳಲ್ಲಿ ‘ಅಭ್ಯಾಸ’ ಎನ್ನುವುದಕ್ಕೆ ನಮ್ಮಲ್ಲಿ ‘ಸ್ವಾಧ್ಯಾಯ’ ಎನ್ನುತ್ತಾರೆ. ಅಲ್ಲಿ ಚಟುವಟಿಕೆ, ಇಲ್ಲಿ ಉಪಕ್ರಮ. ಅಲ್ಲಿ ಏಳನೆಯ ತರಗತಿ, ಇಲ್ಲಿ ಇಯತ್ತೆ ಏಳನೆಯದು. ಅಲ್ಲಿ ಅಂಕ, ಇಲ್ಲಿ ಗುಣ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಅಚ್ಚು ಹಾಕಿ ಕೊಡುತ್ತದೆ. ಆದ್ದರಿಂದ ನಮ್ಮ ಮಕ್ಕಳ ಶಾಲೆಯ ಕನ್ನಡದಲ್ಲಿ ಇಂಥ ಶಬ್ದಗಳು ಸಹಜವಾಗಿ ಕೂತಿವೆ. ಬೀದರ ಕಡೆಯ ನಂಟರು ಬಂದಾಗ ಮಕ್ಕಳ ವಹಿ ತೆರೆದು ನೋಡಿ ನಗುತ್ತಾರೆ. ನಗಲಿ, ಅದಕ್ಕೆ ನಮ್ಮದೇನೂ ಬೇಸರವಿಲ್ಲ.

ಇತಿಹಾಸದ ಪ್ರತಿ ಪಾಠದ ಕೊನೆಗೆ ಸ್ವಾಧ್ಯಾಯ ಇರುತ್ತದೆ. ಅದರ ಕೆಳಗೆ ‘ಉಪಕ್ರಮ’ ಎಂದು ಒಂದೆರಡು ಸಾಲು ಇರುತ್ತದೆ. ನಿಮ್ಮ ಪರಿಸರದ ಐತಿಹಾಸಿಕ ವಾಸ್ತುವಿನ ಮಾಹಿತಿ ಕೂಡಿಸಿರಿ, ಹಿರಿಯರನ್ನು ಭೇಟಿಯಾಗಿ ಮಾತಾಡಿಸಿರಿ ಎಂಬ ಧಾಟಿಯ ಸಾಲುಗಳು. ಲೇಖಿ ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲವಾದ್ದರಿಂದ ಬಹಳ ಕಡೆ ಇದನ್ನು ದಾಟಿಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ. 2010ರಲ್ಲಿ ಸಾತತ್ಯಪೂರ್ಣ ಸರ್ವಂಕಷ ಮೌಲ್ಯಮಾಪನ ಬಂದ ಮೇಲೆ ಉಪಕ್ರಮಕ್ಕೂ ಪ್ರಕಲ್ಪಕ್ಕೂ ಗುಣ ಸಿಗತೊಡಗಿತು. ಗುಣ ಬಂದ ಕೂಡಲೇ ಪೇಟೆಯಲ್ಲಿ ಸಿದ್ಧಪಡಿಸಿದ ಪ್ರಕಲ್ಪವಹಿಗಳೂ ಬಂದವು! ಅಜಂತಾ, ರಾಯಗಡ, ತಾಜಮಹಲಿನ ಚಿತ್ರ ಕತ್ತರಿಸಿ ಅಂಟಿಸಿದರೆ ಕೆಲಸ ಮುಗಿಯಿತು. ಮಾಕಣಿಯ ಹುಡುಗನ ವಹಿಯಲ್ಲಿ ತಾಜಮಹಲು ಇದೆ, ಅವನ ಹಳೆಯ ಊರಿನ ಗೋಡೆ ಇಲ್ಲ.

ನಾವು ಆ ಒಂದೆರಡು ಸಾಲಿನ ಬಗ್ಗೆಯೇ ಬರೆಯಲು ಹೊರಟಿದ್ದೇವೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ಮಕ್ಕಳಿಗೆ ತಮ್ಮ ಇತಿಹಾಸ ಸಿಗುವುದಿದ್ದರೆ ಅಲ್ಲಿಯೇ ಸಿಗಬೇಕು. ಮಹಾರಾಷ್ಟ್ರದ ಪುಸ್ತಕದಲ್ಲಿ ಈ ಭಾಗ ಮರಾಠವಾಡಾದ ಒಂದು ಅಂಚು. ಕರ್ನಾಟಕದ ಪುಸ್ತಕ 1956ಕ್ಕೆ ನಮ್ಮನ್ನು ಬಿಟ್ಟುಕೊಟ್ಟು ಮುಂದೆ ಹೋಗಿದೆ.

ವಾರದ ಕೆಲಸ, ಬಾಯಿಪಾಠ, ಹಿರಿಯ ಮಕ್ಕಳು ಕಿರಿಯರಿಗೆ ಹೇಳಿಕೊಡುವುದು ಇವೆಲ್ಲ ಈಚಿನ ತರಬೇತಿ ಶಿಬಿರಗಳಲ್ಲಿ ಹುಟ್ಟಿದವು ಎಂದು ಎಳೆಯ ಶಿಕ್ಷಕರು ತಿಳಿದಿದ್ದಾರೆ. ಹಾಗಲ್ಲ. 1823ರ ಆಗಸ್ಟಿನಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ವರದಿಯನ್ನು ಮದರಾಸಿಗೆ ಕಳಿಸಿದ. ಒಟ್ಟು 533 ಶಾಲೆ, 6,641 ವಿದ್ಯಾರ್ಥಿಗಳು. ಅದರಲ್ಲಿ ಕನ್ನಡ ಶಾಲೆ 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಮಿಕ್ಕ 23 ಸಂಸ್ಕೃತ ವಿದ್ಯೆಯ ಶಾಲೆಗಳು. (ಕನ್ನಡ ಜಿಲ್ಲೆಯಲ್ಲಿ 23 ಮರಾಠಿ ಶಾಲೆ ಇದ್ದವು ಎಂಬುದನ್ನು ಗಡಿಯ ಎರಡೂ ಕಡೆಯವರು ಗಮನಿಸಬೇಕು.) ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಈ ವರದಿ ಪೂರ್ತಿಯಾಗಿ ಇದೆ.

ಆ ಶಾಲೆ ಬೆಳಿಗ್ಗೆ ಆರಕ್ಕೆ ಸುರು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಹೆಚ್ಚುತ್ತ ಹೋಗುತ್ತಿತ್ತು. ಮಕ್ಕಳು ಮೊದಲು ಉಸುಕಿನ ಮೇಲೆ ಬೆರಳಿನಿಂದ ಬರೆದು ಆಮೇಲೆ ಬೇರೆ ಸಾಧನಗಳಿಗೆ ಹೋಗುತ್ತಿದ್ದರು. ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುವ ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿದ, ಇಂಗ್ಲೆಂಡಿನಲ್ಲಿಯೂ ಇದನ್ನು ಅನುಕರಿಸಿದ್ದಾರೆ ಎಂದು ಬರೆದ. ಜನರ ಬಡತನದಿಂದ ಮಕ್ಕಳು ಶಾಲೆ ಬಿಡುತ್ತಿದ್ದಾರೆ ಎಂದೂ ಬರೆದ. ಏಟು ಬಿಟ್ಟು ಮಿಕ್ಕದ್ದೆಲ್ಲ ಇಂದಿಗೂ ನಡೆದಿದೆ. ಬಡತನದಿಂದ ಶಾಲೆ ಬಿಡುವುದೂ ನಡೆದಿದೆ. ದೀಪಾವಳಿಯಾದ ಮೇಲೆ ತಾಯಿತಂದೆಯ ಜೊತೆ ಕಬ್ಬು ಕಡಿಯಲು ಹೋದ ಮಕ್ಕಳ ಹಾಜರಿಯನ್ನು ನಾವೂ ಬರೆಯುತ್ತೇವೆ.

ಇನ್ನು ಹತ್ತನೆಯ ಇಯತ್ತೆಯ ಇತಿಹಾಸ. 2018ರಲ್ಲಿ ಬಂದ ಪುಸ್ತಕದ ಮೊದಲ ಪಾಠವೇ ಇತಿಹಾಸ ಲೇಖನದ ಪಾಶ್ಚಾತ್ಯ ಪರಂಪರೆ. ವಾಲ್ಟೇರ್, ಹೆಗೆಲ್, ರಾಂಕೆ, ಮಾರ್ಕ್ಸ್, ಫುಕೋ! ಮೂಲ ದಾಖಲೆ ನೋಡದೆ ಇತಿಹಾಸ ಬರೆಯಬಾರದು ಎಂದು ಜರ್ಮನಿಯ ರಾಂಕೆ ಹೇಳಿದ ಎಂಬುದನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿ ಎರಡು ಗುಣ ಪಡೆಯುತ್ತಾರೆ. ಆದರೆ ಒಂದು ಮೂಲ ದಾಖಲೆಯನ್ನು ಕೈಯಲ್ಲಿ ಹಿಡಿಯದೆ ಹತ್ತನೆಯದು ಮುಗಿಸುತ್ತಾರೆ. ಪುಸ್ತಕ ಕೆಟ್ಟದ್ದೆಂದು ನಾವು ಹೇಳುವುದಿಲ್ಲ, ಬಹಳ ಒಳ್ಳೆಯ ಪುಸ್ತಕ. ಅದರ ಮಾತನ್ನು ಅದಕ್ಕೇ ಅನ್ವಯಿಸಿ ನೋಡುವ ಕೆಲಸ ಮಾತ್ರ ಉಳಿದಿದೆ.

ಆದ್ದರಿಂದ ನಮ್ಮಲ್ಲಿ ಶನಿವಾರಕ್ಕೊಂದು ಕೆಲಸ. ಅಂದು ಮುಂಜಾನೆಯ ಶಾಲೆ. ಐದರಿಂದ ಏಳರವರೆಗಿನವರು ಕನ್ನಡದಲ್ಲಿಯೇ ಬರೆಯುತ್ತಾರೆ. ಮುಂದೆ ಹೈಸ್ಕೂಲಿಗೆ ಹೋದವರು ಮರಾಠಿ ಮಾಧ್ಯಮ. ಆದರೂ ಮಧ್ಯಾಹ್ನ ತಮ್ಮ ಶಾಲೆ ಬಿಟ್ಟ ಮೇಲೆ ಕೆಲವರು ನಮ್ಮಲ್ಲಿಗೆ ಬಂದು ತಮ್ಮ ಹಳೆಯ ವಹಿ ಮುಂದುವರಿಸುತ್ತಾರೆ. ಮೂರು ಭಾಷೆ ಬೆರೆತರೂ ನಾವು ತಿದ್ದುವುದಿಲ್ಲ. ತಿದ್ದುವುದು ಒಂದನ್ನೇ. ಪ್ರತಿ ಪುಟದಲ್ಲಿ ಮೂರು ಕಾಲಮ್ಮು ಇರಲೇಬೇಕು: ಯಾರು ಹೇಳಿದರು, ಆಗ ಅವರಿಗೆ ಎಷ್ಟು ವಯಸ್ಸು, ಕಂಡದ್ದೋ ಕೇಳಿದ್ದೋ.

ಮೊದಲನೆಯ ಕೆಲಸ ಸುಲಭದ್ದೆಂದು ತೋರುತ್ತದೆ. ನಿಮ್ಮ ಮನೆತನದವರು ಯಾವ ಯಾವ ಜಿಲ್ಲೆಯಲ್ಲಿ ಇದ್ದರು ಬರೆಯಿರಿ. ಊರು ಬಿಟ್ಟು ಎಲ್ಲಿಗೂ ಹೋಗಿಲ್ಲ ಗುರುಜಿ, ಏನು ಬರೆಯುವುದು ಎನ್ನುತ್ತಾರೆ. ಹೋಗದೆಯೇ ಎಷ್ಟು ಜಿಲ್ಲೆ ಬದಲಾದವು ಎಂಬುದೇ ಪಾಠ. ಮಾಕಣಿಯ ಸೀಮೆ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ನಳದುರ್ಗ ಜಿಲ್ಲೆ. ಆಮೇಲೆ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನನ ಹೆಸರಿನ ಉಸ್ಮಾನಾಬಾದ್. 2023ರಿಂದ ಧಾರಾಶಿವ. ತಾಲೂಕು ಮೊದಲು ಉಮರ್ಗಾ, ಈಗ ಲೋಹಾರಾ. ರಾಜ್ಯ ನೋಡಿದರೆ 1956ರವರೆಗೆ ಹೈದರಾಬಾದ್, ಆ ವರ್ಷದ ನವೆಂಬರ 1ರಿಂದ ಮುಂಬಯಿ, 1960ರ ಮೇ 1ರಿಂದ ಮಹಾರಾಷ್ಟ್ರ.

ನಿಲಂಗಾ, ಉದಗೀರ ಕಡೆಯಿಂದ ಸೋದರಮಾವನ ಮನೆಗೆ ಬಂದು ಓದುವ ಮಕ್ಕಳ ಪಟ್ಟಿ ಇನ್ನೂ ಸ್ವಾರಸ್ಯದ್ದು. 1956ರ ಮೊದಲು ನಿಲಂಗಾ, ಉದಗೀರ, ಅಹಮದಪುರ ಮೂರೂ ಬೀದರ ಜಿಲ್ಲೆಯ ತಾಲೂಕುಗಳು. ಪುನರ್ವಿಂಗಡಣೆಯಲ್ಲಿ ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರಿಗೆ ಹೋದವು. ಈ ಮೂರು ಮುಂಬಯಿಗೆ ಬಂದು ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ನಿಲಂಗಾ, ಉದಗೀರ ಮತ್ತೆ ಜಿಲ್ಲೆ ಬದಲಿಸಿದವು. ಒಂದು ಜಿಲ್ಲೆಯನ್ನು ರೊಟ್ಟಿಯಂತೆ ಮೂರು ತುಂಡು ಮಾಡಿದಾಗ ಬೀಗತನಗಳೂ ಮೂರು ರಾಜ್ಯಗಳಿಗೆ ಹಂಚಿಹೋದವು. ಮಕ್ಕಳಿಗೆ ಇದು ನಕಾಶೆಯಿಂದ ತಿಳಿಯುವುದಿಲ್ಲ. ಅಮ್ಮನ ತವರಿಗೆ ಹೋಗುವಾಗ ಬಸ್ಸಿನ ಪಾಟಿಯ ಲಿಪಿ ಎಲ್ಲಿ ಬದಲಾಗುತ್ತದೆ ಎಂದು ಕೇಳಿದರೆ ತಟ್ಟನೆ ಹೇಳುತ್ತಾರೆ.

ಹಾಗಾದರೆ ನಮ್ಮ ಊರು ನಿಜವಾಗಿ ಯಾರದು ಗುರುಜಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಸೆಪ್ಟೆಂಬರ ಬಂತೆಂದರೆ ಬಹಳ ಕಠಿಣವಾದ ಕೆಲಸ ಬರುತ್ತದೆ. 1948ರ ಸೆಪ್ಟೆಂಬರ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಆ ದಿನ ನಮ್ಮಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಗಡಿ ದಾಟಿದರೆ ಅದೇ ದಿನ ಕಲ್ಯಾಣ ಕರ್ನಾಟಕ ಉತ್ಸವ. ತೆಲಂಗಾಣದಲ್ಲಿ ಸರಕಾರ ಬದಲಾದಂತೆ ಹೆಸರೂ ಬದಲಾಗಿದೆ. ಧ್ವಜವಂದನೆಯ ಭಾಷಣದಲ್ಲಿ ಸ್ವಾಮಿ ರಾಮಾನಂದ ತೀರ್ಥರ ಹೆಸರು ಬರುತ್ತದೆ, ಬರಲೇಬೇಕು. ಇಂದಿನ ಕರ್ನಾಟಕದಲ್ಲಿ ಹುಟ್ಟಿ ನಮ್ಮದೇ ಜಿಲ್ಲೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾಗಿದ್ದವರು ಅವರು. ಎದುರಿಗೆ ರಜಾಕಾರರ ನಾಯಕ ಕಾಸಿಂ ರಜ್ವಿ, ಅವನೂ ದೂರದವನಲ್ಲ, ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದವನು. ಒಂದು ದೊಡ್ಡ ಸಂಗ್ರಾಮದ ಎರಡೂ ಹೆಸರುಗಳು ನಮ್ಮ ಅಂಗಳದವೇ.

ಆ ವಾರ ಮಕ್ಕಳು ತರುವ ವಹಿ ಒಂದೇ ಥರ ಇರುವುದಿಲ್ಲ. ಒಬ್ಬಳು ಬರೆದಳು: ಮುತ್ಯಾ ಹತ್ತು ವರ್ಷದವರಿದ್ದಾಗ ರಜಾಕಾರರ ಹೆದರಿಕೆಗೆ ಮನೆಯವರೆಲ್ಲ ರಾತ್ರಿ ಗಾಡಿ ಹೂಡಿಕೊಂಡು ಸೊಲ್ಲಾಪುರದ ಕಡೆ ಹೋದರು, ಕಣಜದ ಜೋಳ ಹಾಗೆಯೇ ಬಿಟ್ಟು. ಅದೇ ಬೆಂಚಿನ ಇನ್ನೊಬ್ಬಳು ಬರೆದಳು: ನಾನಿಯ ಅಬ್ಬಾ ‘ಪೊಲೀಸ್ ಆಕ್ಷನ್’ ಆದ ಮೇಲೆ ಸಂತೆಗೆ ಹೋದವರು ತಿರುಗಿ ಬರಲಿಲ್ಲ. ಮೊದಲನೆಯದಕ್ಕೆ ಪುಸ್ತಕದಲ್ಲಿ ಪಾಠವಿದೆ. ಎರಡನೆಯದಕ್ಕೆ ಇಲ್ಲ. ಆದರೆ ದಾಖಲೆ ಇದೆ. 1948ರ ಕೊನೆಗೆ ಕೇಂದ್ರ ಸರಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತ್ತು. ಸೇನೆ ಬಂದ ದಿನಗಳಲ್ಲಿಯೂ ಆಮೇಲೆಯೂ ಸತ್ತವರು 27ರಿಂದ 40 ಸಾವಿರ ಎಂದು ಆ ಸಮಿತಿ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಹೇಳಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ರಜಾಕಾರರ ದೌರ್ಜನ್ಯ ಸುಳ್ಳಲ್ಲ. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಆದದ್ದನ್ನು ಅಲ್ಲಿಯ ಜನ ಮರೆತಿಲ್ಲ. ಇದೂ ಸುಳ್ಳಲ್ಲ, ಅದೂ ಸುಳ್ಳಲ್ಲ.

ಎರಡು ವಹಿಯನ್ನೂ ನಾವು ಓದಿಸುತ್ತೇವೆ, ಒಂದರ ಮೇಲೆ ಇನ್ನೊಂದನ್ನು ತೂಗುವುದಿಲ್ಲ. ಮಕ್ಕಳಿಗೆ ಕೇಳುವುದು ಮೂರನೆಯ ಕಾಲಮ್ಮಿನ ಪ್ರಶ್ನೆ ಮಾತ್ರ: ಕಂಡದ್ದೋ ಕೇಳಿದ್ದೋ? ಮುತ್ಯಾನದು ಕಂಡದ್ದು. ನಾನಿಯದು ತನ್ನ ತಾಯಿಯಿಂದ ಕೇಳಿದ್ದು. ಕೇಳಿದ್ದೆಂದ ಮಾತ್ರಕ್ಕೆ ತಳ್ಳಿಹಾಕುವಂತಿಲ್ಲ, ಬೇರೆ ಮನೆಯವರನ್ನೂ ಕೇಳಿ ಜೋಡಿಸಬೇಕು. ರಾಂಕೆಯ ಎರಡು ಗುಣದ ಉತ್ತರ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಬ್ಬ ಪಾಲಕರು ಶಾಲೆಗೆ ಬಂದು, ಹಳೆಯ ಹುಣ್ಣನ್ನು ಮಕ್ಕಳ ಕೈಯಿಂದ ಏಕೆ ಕೆರೆಸುತ್ತೀರಿ ಸರ್ ಎಂದು ಕೇಳಿದರು. ನಮ್ಮ ಮಾತನ್ನು ಅವರು ಒಪ್ಪಲಿಲ್ಲ. ಅವರ ಮಗನಿಗೆ ಆ ವಾರ ಬೇರೆ ಕೆಲಸ ಕೊಟ್ಟೆವು. ಅವರ ಅಂಜಿಕೆಗೂ ಅರ್ಥವಿದೆ. ಆದರೆ ಆಗ ಹತ್ತು ವರ್ಷದವರಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ‘ಕಂಡದ್ದು’ ಎಂದು ಬರೆಯಬಹುದಾದ ಸಾಲುಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ.

ಭೂಕಂಪದ ವಾರದಲ್ಲಿ ಹೇಳುವವರಿಗೆ ಕೊರತೆಯಿಲ್ಲ. 1993ರ ಸೆಪ್ಟೆಂಬರ 30, ನಸುಕಿನ ನಾಲ್ಕು ಗಂಟೆಗೆ ಸ್ವಲ್ಪ ಮೊದಲು. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಕಿಲ್ಲಾರಿ, ಸಾಸ್ತೂರ ಮೊದಲಾದ ಊರುಗಳು ನೆಲಕ್ಕೆ ಬಿದ್ದವು. ಸತ್ತವರು ಸುಮಾರು ಎಂಟು ಸಾವಿರ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಮನೆಯೇ ಮೈಮೇಲೆ ಬಿತ್ತು.

ಅತ್ತು ಹೇಳುವ ಕಥೆ ಮನೆಮನೆಯಲ್ಲಿದೆ. ಅದನ್ನು ಬರೆಸುವುದು ಸುಲಭ, ಮಕ್ಕಳೂ ಬೇಗ ಬರೆಯುತ್ತಾರೆ. ನಾವು ಅದರ ಜೊತೆಗೆ ಟೇಪು ಕೊಟ್ಟು, ಪುನರ್ವಸಿತ ಊರಿನಲ್ಲಿ ನಂಟರಿದ್ದವರಿಗೆ ಸರಕಾರ ಕಟ್ಟಿಕೊಟ್ಟ ಮನೆಯ ಮೂಲ ಭಾಗವನ್ನು ಅಳೆದು ಬರಲು ಹೇಳುತ್ತೇವೆ. ಪೂರ್ತಿ ಸ್ಥಳಾಂತರವಾದ 52 ಊರುಗಳಲ್ಲಿ ಭೂಮಿ ಇಲ್ಲದವರಿಗೂ ಒಂದು ಹೆಕ್ಟೇರಿನವರೆಗಿನವರಿಗೂ 250 ಚದರ ಅಡಿಯ ಮನೆ, ಒಂದರಿಂದ ಏಳು ಹೆಕ್ಟೇರಿನವರಿಗೆ 450, ಅದಕ್ಕೂ ಮೇಲಿನವರಿಗೆ 750. ಹಾಗಾದರೆ ಮನೆ ಅಳೆದರೆ 1993ರಲ್ಲಿ ಆ ಮನೆತನಕ್ಕೆ ಎಷ್ಟು ಹೊಲವಿತ್ತು ಎಂದು ಅಂದಾಜು ಸಿಗುತ್ತದೆ. ಮನೆಯೇ ದಾಖಲೆ! ಎಂಟನೆಯ ಇಯತ್ತೆಯ ಒಬ್ಬ ಹುಡುಗ ಲೆಕ್ಕ ಮುಗಿಸಿ ಕೇಳಿದ: ಹೊಲ ಕಡಿಮೆಯಿದ್ದವರ ಮನೆಯಲ್ಲಿ ಮಂದಿ ಕಡಿಮೆ ಇರುತ್ತಾರೇನು ಗುರುಜಿ? ಇದಕ್ಕೆ ಯಾವ ಪುಸ್ತಕದಲ್ಲಿಯೂ ಉತ್ತರ ಕೊಟ್ಟಿಲ್ಲ. ವಹಿಯಲ್ಲಿ ಪ್ರಶ್ನೆಯಾಗಿಯೇ ಬರೆದಿಡು ಎಂದೆವು. ಯಾರ ಮನೆ ಎಷ್ಟು ಎಂದು ವರ್ಗದಲ್ಲಿ ಹೆಸರು ಹಿಡಿದು ಓದುವುದಿಲ್ಲ, ಅಷ್ಟು ಎಚ್ಚರ ಬೇಕು.

ಹೆಸರುಗಳ ವಾರ ಎಲ್ಲರಿಗೂ ಖುಷಿ. ಶಂ.ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಗ್ರಂಥದಲ್ಲಿ ಸ್ಥಳನಾಮಗಳಿಂದ ಕನ್ನಡದ ಹರವನ್ನು ಹುಡುಕಿದರು. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಕರೆದುಕೊಂಡರು, ಆ ಲತ್ತಲೂರೇ ಇಂದಿನ ಲಾತೂರ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಗೋದಾವರಿಯವರೆಗೆ ಕನ್ನಡ ನಾಡೆಂದಿತು. ಇಷ್ಟು ಹೇಳಿದರೆ ಸಾಕು, ಮಕ್ಕಳು ಕಂಡ ಊರನ್ನೆಲ್ಲ ಕನ್ನಡ ಮಾಡತೊಡಗುತ್ತಾರೆ. ಮಾಕಣಿ ಎಂಬ ಹೆಸರಿಗೇ ಒಂದೇ ದಿನ ನಾಲ್ಕು ಅರ್ಥ ಬಂದವು. ನಾಲ್ಕನ್ನೂ ‘ಕೇಳಿದ್ದು’ ಎಂಬ ಕಾಲಮ್ಮಿಗೆ ಹಾಕಿಸಿದೆವು. ಊರ ಹೆಸರಿನ ಮೇಲೆ ಇಂದಿನ ಭೂಮಿಯ ಹಕ್ಕು ಹೇಳಲು ಹೊರಟರೆ ಆ ಆಟಕ್ಕೆ ಕೊನೆಯಿಲ್ಲ. ಬೆಳಗಾವಿಯ ಕಡೆ ಇದೇ ಆಟವನ್ನು ಮರಾಠಿಯಲ್ಲಿ ಆಡುವವರೂ ಇದ್ದಾರೆ.

ನಮಗೆ ಅದಕ್ಕಿಂತ ಬೆಲೆಯುಳ್ಳವು ಹೊಲದ ಹೆಸರುಗಳು. ತಲಾಠಿಯ ಸಾತ್‌ಬಾರಾ ಉತಾರೆಯಲ್ಲಿ ಹೊಲವನ್ನು ಗಟ್ ನಂಬರಿನಿಂದ ಗುರುತಿಸುತ್ತಾರೆ. ಆದರೆ ಮನೆಯಲ್ಲಿ ಕರಿಹೊಲ, ಹಳ್ಳದಹೊಲ, ಹುಣಸಿಮರದ ಪಟ್ಟಿ. ಎರಡು ತಲೆಮಾರಿನಿಂದ ಮನೆಮಾತು ಮರಾಠಿಯಾದ ಮನೆಗಳಲ್ಲಿಯೂ ಹೊಲದ ಹೆಸರು ಕನ್ನಡದ್ದೇ ಉಳಿದಿದೆ ಎಂದು ಮಕ್ಕಳೇ ಕಂಡುಹಿಡಿದರು. ಆ ಹುಡುಗರಿಗೆ ಅದರ ಅರ್ಥ ಗೊತ್ತಿಲ್ಲ, ನಮ್ಮ ಮಕ್ಕಳು ಹೇಳಿದರು. ಹುಣಸಿಮರ ಎಂದೋ ಹೋಗಿದೆ, ಹೆಸರು ನಿಂತಿದೆ. ಕೆಳ ತೇರಣಾ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹೊಲಗಳ ಹೆಸರು ಮಾತ್ರ ಇನ್ನೂ ಸರಿಯಾಗಿ ಕೂಡಿಲ್ಲ, ಅವನ್ನು ಬಲ್ಲವರು ಮನೆಗೊಬ್ಬರೂ ಇಲ್ಲ.

ಕನ್ನಡದಲ್ಲಿ ಬರೆಯುವ ಮಕ್ಕಳು ಈಗ ಬೆರಳೆಣಿಕೆ. ಪಾಲಕರು ಇಂಗ್ಲಿಷಿನ ಕಡೆ ನೋಡುತ್ತಾರೆ, ಹತ್ತಿರದ ಪೇಟೆಯಿಂದ ಹಳದಿ ಬಸ್ಸು ಊರೊಳಗೇ ಬರುತ್ತದೆ. ಅದನ್ನು ತಡೆಯುವ ಉಪಕ್ರಮ ನಮಗೆ ಗೊತ್ತಿಲ್ಲ. ತುಂಬಿದ ವಹಿಗಳನ್ನು ಶಾಲೆಯ ಕಪಾಟಿನಲ್ಲಿ ವರ್ಷದ ಚೀಟಿ ಅಂಟಿಸಿ ಇಟ್ಟಿದ್ದೇವೆ, ಗೆದ್ದಲಿಗೆ ಬೇವಿನ ಎಲೆ ಹಾಕಿ.

ಮುಂದಿನ ಶನಿವಾರದ ಕೆಲಸ ಫಲಕದ ಮೇಲೆ ಬರೆದಾಗಿದೆ: 1956ಕ್ಕೂ ಹಿಂದಿನ ಒಂದು ಕಾಗದವನ್ನು ಮನೆಯಲ್ಲಿ ಹುಡುಕಿರಿ. ಉರ್ದುವಿನಲ್ಲಿದ್ದರೆ ಮಸೀದಿಯ ಹತ್ತಿರದ ಹಿರಿಯರಿಂದ, ಮೋಡಿಯಲ್ಲಿದ್ದರೆ ಓದಬಲ್ಲವರು ಸಿಕ್ಕರೆ ಅವರಿಂದ ಓದಿಸಿರಿ. ಕಾಗದವನ್ನು ಶಾಲೆಗೆ ತರಬೇಡಿರಿ, ನೋಡಿ ಬರೆದುಕೊಂಡು ಬನ್ನಿರಿ.