ಎರಡನೇ ಸಲದ ತಪಾಸಣೆ

ಧರ್ಮಪುರಿಯಲ್ಲಿ ವಿಮಾನ ನಿಲ್ದಾಣವಿಲ್ಲ. ನಾವು ಹೊರದೇಶಕ್ಕೆ ಹೋಗುವುದಾದರೆ ಹೊಸೂರು ದಾಟಿ ಬೆಂಗಳೂರಿಗೆ ಹೋಗಬೇಕು. ಉಪ್ಪ ಅಂಗಡಿಗೆ ಬೀಗ ಹಾಕಿ ಕೆನಡಾದಲ್ಲಿರುವ ನನ್ನ ತಂಗಿಯನ್ನು ನೋಡಲು ಹೊರಟಾಗ ನಾನೂ ಜೊತೆಗಿದ್ದೆ. ಬೆಂಗಳೂರಿನಲ್ಲಿ ತಪಾಸಣೆ ಮುಗಿದಿತ್ತು. ನಡುವೆ ವಿಮಾನ ಬದಲಿಸುವಲ್ಲಿ, ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ, ಮತ್ತೆ ಅದೇ ಸಾಲು, ಅದೇ ಬೆಲ್ಟು ಬಿಚ್ಚುವುದು. ಕುಡಿಯಲು ಕೊಂಡಿದ್ದ ನೀರಿನ ಬಾಟಲಿಯೂ ಬುಟ್ಟಿಗೆ ಹೋಯಿತು.

"ಮೋನೇ, ನಮ್ಮ ಹೆಸರು ನೋಡಿ ಹೀಗೆ ಮಾಡುವುದಾ?" ಎಂದು ಉಪ್ಪ ಮೆಲ್ಲಗೆ ಕೇಳಿದರು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಓದಿದೆ.

1985ರ ಜೂನ್‌ನಲ್ಲಿ ವ್ಯಾಂಕೂವರ್‌ನಲ್ಲಿ ಒಬ್ಬ ಪೆಟ್ಟಿಗೆ ಕೊಟ್ಟ, ತಾನು ವಿಮಾನ ಹತ್ತಲಿಲ್ಲ. ಪೆಟ್ಟಿಗೆ ಟೊರೊಂಟೊದಲ್ಲಿ ಏರ್ ಇಂಡಿಯಾದ 'ಕನಿಷ್ಕ' ವಿಮಾನಕ್ಕೆ ದಾಟಿತು. ಅಂದು ಅಲ್ಲಿನ ಎಕ್ಸ್‌ರೇ ಯಂತ್ರ ಕೆಟ್ಟಿತ್ತು. ಜೂನ್ 23ರಂದು ಐರ್ಲೆಂಡ್ ಬಳಿ ಸಮುದ್ರದ ಮೇಲೆ ವಿಮಾನ ಸ್ಫೋಟಿಸಿ 329 ಜನ ತೀರಿಕೊಂಡರು. 1988ರ ಡಿಸೆಂಬರ್ 21ರಂದು ಲಾಕರ್ಬಿಯಲ್ಲಿ 270 ಜನ ಸತ್ತರು. ಕೋರ್ಟು ಕಂಡುಕೊಂಡಂತೆ ಆ ಬಾಂಬಿನ ಪೆಟ್ಟಿಗೆ ಮಾಲ್ಟಾದಿಂದ ಫ್ರಾಂಕ್‌ಫರ್ಟ್‌ಗೆ, ಅಲ್ಲಿಂದ ಲಂಡನ್‌ಗೆ ಬಂದದ್ದು. ಲಂಡನ್‌ನಲ್ಲಿ ಅದನ್ನು ಮತ್ತೆ ಯಾರೂ ಪರೀಕ್ಷಿಸಲಿಲ್ಲ. ನೀರಿನ ಬಾಟಲಿಯ ಕಥೆ ಇತ್ತೀಚಿನದು: 2006ರ ಆಗಸ್ಟ್‌ನಲ್ಲಿ ದ್ರವ ಸ್ಫೋಟಕದ ಸಂಚು ಲಂಡನ್‌ನಲ್ಲಿ ಬಯಲಾದ ಮೇಲೆ 100 ಮಿಲಿಲೀಟರ್ ಮಿತಿ ಬಂತು.

ಒಂದು ದೇಶ ಇನ್ನೊಂದರ ತಪಾಸಣೆಯನ್ನು ಒಪ್ಪಿಕೊಂಡರೆ ಎರಡನೇ ಸಲ ಬೇಕಾಗಿಲ್ಲ. ಯುರೋಪಿಯನ್ ಒಕ್ಕೂಟದ ದೇಶಗಳು ತಮ್ಮೊಳಗೆ ಹಾಗೆಯೇ ನಡೆಸುತ್ತವೆ. ಒಪ್ಪಂದವಿಲ್ಲದ ಕಡೆ ಯಾವ ಹೆಸರಿನವರಾದರೂ ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ಇದನ್ನು ಉಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೇಲಂ ಮಂಡಿಯಿಂದ ಬಂದ ಮೂಟೆಯನ್ನು ನಾನೂ ಮತ್ತೆ ತೂಗುತ್ತೇನೆ. ಮಂಡಿಯವ ಕಳ್ಳ ಅಂತಲ್ಲ, ಗಿರಾಕಿಗೆ ಉತ್ತರ ಹೇಳಬೇಕಾದವ ನಾನು" ಎಂದರು. ಆಮೇಲೆ, "ಆದರೆ ಒಬ್ಬನ ಮೂಟೆಯನ್ನು ಮಾತ್ರ ತೂಗಿದರೆ ಅದು ಅನ್ಯಾಯ" ಎಂದೂ ಸೇರಿಸಿದರು.

ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಆ 329 ಜನರ, ಆ 270 ಜನರ ಸಾವು ಕಾರಣ ಹೇಳುತ್ತದೆ. ಹೆಸರು ನೋಡಿ ಒಬ್ಬನನ್ನು ಸಾಲಿನಿಂದ ಹೊರಗೆ ಕರೆಯುವುದಕ್ಕೆ ಅದು ಕಾರಣವಾಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಲು ನಾವು ಕಲಿಯಬೇಕು, ತಪಾಸಣೆ ಮಾಡುವವರೂ ಕಲಿಯಬೇಕು.