ರೊಟ್ಟಿಯವರೆಗೂ ಹೇಳಬೇಕಾದ ಕಥೆ

ಡೊಂಬಿವಲಿ, ಕಲ್ಯಾಣದ ಕನ್ನಡ ಮನೆಗಳಲ್ಲಿ ಏಕಾದಶಿಯ ಸಂಜೆ ಭಜನೆಗೆ ಕೂತಾಗ ಜಗನ್ನಾಥದಾಸರ ಹೊಟ್ಟೆನೋವಿನ ಕಥೆ ಒಮ್ಮೆಯಾದರೂ ಬರುತ್ತದೆ. ಹಿರಿಯರು ಅದನ್ನು ಹೇಳುವುದು ಹೆಚ್ಚಾಗಿ ಮಕ್ಕಳನ್ನು ಎಚ್ಚರಿಸಲು: ಹರಿದಾಸರನ್ನು ಹಗುರವಾಗಿ ಕಂಡರೆ ಶಿಕ್ಷೆ ತಪ್ಪದು, ನೋಡಿ! ದೇವರ ಮನೆಯಿಂದ ದೂರವಾದ ಹುಡುಗರು ಇದನ್ನು ಕೇಳಿ ಇನ್ನೂ ದೂರ ಸರಿಯುತ್ತಾರೆ.

ಜಗನ್ನಾಥದಾಸರ (1728–1809) ಮೊದಲ ಹೆಸರು ಶ್ರೀನಿವಾಸಾಚಾರ್ಯ. ಊರು ಈಗಿನ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಬ್ಯಾಗವಾಟ. ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಅದೇ ಸೀಮೆಯ ಚೀಕಲಪರವಿಯ ವಿಜಯದಾಸರು ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುತ್ತಿದ್ದರು. ಪಂಡಿತರಿಗೆ ಅದು ಕೀಳಾಗಿ ಕಂಡಿತು. ಅವರು ದೇವರನ್ನು ಅಲ್ಲಗಳೆದವರಲ್ಲ. ವಿದ್ಯೆಯ ಗರ್ವದಲ್ಲಿ ದಾರಿ ತಪ್ಪಿದವರು.

ವಿಜಯದಾಸರು ಊಟಕ್ಕೆ ಕರೆದರು. ಪಂಡಿತರು ಹೊಟ್ಟೆನೋವೆಂದು ಸುಳ್ಳು ನೆಪ ಹೇಳಿ ತಪ್ಪಿಸಿಕೊಂಡರು. ಆಮೇಲೆ ನಿಜವಾಗಿಯೇ ಹೊಟ್ಟೆನೋವು ಹಿಡಿಯಿತು, ಯಾವ ಔಷಧಕ್ಕೂ ಬಗ್ಗಲಿಲ್ಲ ಎನ್ನುತ್ತದೆ ಐತಿಹ್ಯ. ವಿಜಯದಾಸರು ತೀರಿಕೊಂಡದ್ದು 1755ರಲ್ಲಿ. ಅಂದರೆ ಈ ಪ್ರಸಂಗ ನಡೆದಾಗ ಪಂಡಿತರಿಗೆ ಇಪ್ಪತ್ತೇಳು ದಾಟಿರಲಿಕ್ಕಿಲ್ಲ. ಬೆಳಗಿನ ಲೋಕಲ್‌ನಲ್ಲಿ ನಮ್ಮ ಪಕ್ಕ ನಿಲ್ಲುವ ಹುಡುಗರ ವಯಸ್ಸು.

ಬೇರೆ ದಾರಿಯಿಲ್ಲದೆ ಅವರು ವಿಜಯದಾಸರ ಹತ್ತಿರವೇ ಹೋದರು. ವಿಜಯದಾಸರು ಹಳೆಯ ಮಾತು ಎತ್ತದೆ, ಶಿಷ್ಯ ಗೋಪಾಲದಾಸರಲ್ಲಿಗೆ ಕಳಿಸಿದರು. ಗೋಪಾಲದಾಸರು ಮಾಡಿದ್ದು ಎರಡು ಕೆಲಸ. ತಮ್ಮ ಕೈಯಾರೆ ಜೋಳದ ರೊಟ್ಟಿ ಕೊಟ್ಟು ಉಣ್ಣಿಸಿದರು. ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದರು. ಆಯುಷ್ಯದಾನ ನಂಬಿಕೆಯ ಮಾತು ಎಂದರೂ ಇಷ್ಟಂತೂ ನಿಜ: ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು, ಶ್ರೀನಿವಾಸಾಚಾರ್ಯರು ಎಂಬತ್ತು ದಾಟಿ ಬದುಕಿದರು.

ಮುಂದೆ ಪಂಢರಪುರಕ್ಕೆ ಹೋದಾಗ ಚಂದ್ರಭಾಗೆಯಲ್ಲಿ ಅವರಿಗೆ ‘ಜಗನ್ನಾಥವಿಠಲ’ ಅಂಕಿತ ದೊರೆಯಿತಂತೆ. ಕಲ್ಯಾಣದಲ್ಲಿ ಸೊಲ್ಲಾಪುರದ ರೈಲು ಹತ್ತಿ ಕುರ್ಡುವಾಡಿಯಲ್ಲಿ ಇಳಿದರೆ ಆ ಹೊಳೆ ನಮಗೂ ದೂರವಿಲ್ಲ. ಕನ್ನಡ ಹಾಡನ್ನು ಕೀಳೆಂದ ಅದೇ ಮನುಷ್ಯ ಮಧ್ವಮತದ ತತ್ತ್ವವನ್ನೆಲ್ಲ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ ಬರೆದರು. ಅದೇ ‘ಹರಿಕಥಾಮೃತಸಾರ’. ಸಂಸ್ಕೃತ ಬಾರದ ಹೆಂಗಸರೂ ಮಕ್ಕಳೂ ಅದನ್ನು ಇಂದಿಗೂ ಪಾರಾಯಣ ಮಾಡುತ್ತಾರೆ.

ನೋವು ದೇವರು ಕೊಟ್ಟ ಶಿಕ್ಷೆಯೋ ಅಲ್ಲವೋ, ಅದನ್ನು ಇತಿಹಾಸ ಹೇಳಲಾರದು. ಆದರೆ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹೇಳಿಕೊಂಡು ಬಂದ ಈ ಕಥೆಯಲ್ಲಿ ದೇವರ ಪ್ರೀತಿ ಎಲ್ಲಿದೆ ಎಂದು ಕೇಳಿದರೆ ಉತ್ತರ ಸುಲಭ. ಕರೆದಾಗ ಬಾರದವನಿಗಾಗಿ ಕಾದವರ ಸುಮ್ಮನಿರುವಿಕೆಯಲ್ಲಿದೆ, ಅವನ ತಟ್ಟೆಗೆ ಬಿದ್ದ ರೊಟ್ಟಿಯಲ್ಲಿದೆ. ಮಕ್ಕಳಿಗೆ ಹೇಳುವಾಗ ನಾವು ಹೊಟ್ಟೆನೋವಿಗೇ ನಿಲ್ಲಿಸಿಬಿಡುತ್ತೇವೆ. ರೊಟ್ಟಿಯವರೆಗೂ ಹೇಳಬೇಕು.