ಕುಸ್ವಾರದ ತಟ್ಟೆಗೆ ಬಂದ ಚಾಕೊಲೇಟು

ಕ್ರಿಸ್ಮಸ್ಸಿಗೆ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಹಂಚುವ ಕುಸ್ವಾರದಲ್ಲಿ ಹಿಂದೆ ತೆಂಗು, ಎಳ್ಳುಗಳದೇ ಮೇಲುಗೈ. ಬಿಸ್ಕತ್ತಿನ ಮೇಲೆ ಬೆಣ್ಣೆ-ಸಕ್ಕರೆಯ ಪಾಕ ಸುರಿದು ಚಾಕೊಲೇಟು ಹೊದಿಸುವ ಮಿಠಾಯಿ ತೀರ ಹೊಸ ನಂಟು. ಆದರೂ ಅದನ್ನು ಪರದೇಶಿಯೆನ್ನಲು ನನಗೆ ಮನಸ್ಸಿಲ್ಲ. ಅಡಿಕೆಯ ನೆರಳಿನಲ್ಲಿ ಕೋಕೋ ಬೆಳೆದ ಕರಾವಳಿಯ ರೈತರು ಬೆಲೆ ಕುಸಿದು ಕಂಗೆಟ್ಟಾಗ, ಮಂಗಳೂರಿನ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು.

ತುಮರಿಯೂ ಅಡಿಕೆಯ ನಾಡೇ. ಆದರೆ 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸುತ್ತುವರಿದ ಮೇಲೆ, ಸಾಗರ ಪೇಟೆಯ ಸಾಮಾನು ಅಲ್ಲಿಗೆ ಲಾಂಚಿನಲ್ಲಿ, ಇಲ್ಲವೇ ದೂರದ ಸುತ್ತುದಾರಿಯಲ್ಲಿ ಬರಬೇಕಾಯಿತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಆ ಡಿಸೆಂಬರಿನಲ್ಲಿ ಹಬ್ಬದ ಚಾಕೊಲೇಟಿಗೆ ಲಾಂಚಿನ ಹೊತ್ತು ಕಾಯಬೇಕಾಗಲಿಲ್ಲ.